ನಿಂತಂತೆ ಕಂಡ ಅಲಗು

ಇಪ್ಪತ್ತಾರು ವರ್ಷ ಬೆಲ್ಟಕ್ಕ ತನ್ನ ಕೆಲಸದಲ್ಲಿ ನೋಡಿದ್ದು ಒಬ್ಬ ಗಂಡಸಿನ ಹಿಮ್ಮಡಿಗಳನ್ನು. ಬಲಗಾಲಿನ ಬೂಟು ಹೊರಮಗ್ಗುಲಿಗೆ ಸವೆಯುತ್ತಿತ್ತು, ಎಡಗಾಲಿನದು ತುದಿಯಲ್ಲಿ. ಎಷ್ಟು ಜೊತೆ ಬೂಟು ಬದಲಾದರೂ ಆ ಸವೆತ ಮಾತ್ರ ಬದಲಾಗಲಿಲ್ಲ.

"ನನ್ನ ಹೆಂಡತಿಗೂ ನನ್ನ ಕಾಲು ಇಷ್ಟು ಪರಿಚಯ ಇಲ್ಲ ನೋಡಿ" ಎಂದು ಆ ಬೂಟಿನ ಒಡೆಯ ಗಂಟೆರಾಯ ಎಲ್ಲರೆದುರೂ ಹೇಳುತ್ತಿದ್ದ.

"ಪುಣ್ಯವಂತೆ. ಕಾಲ್ಚೀಲ ಒಗೆಯೋದು ಬಿಟ್ಟರೆ ಆಯಮ್ಮನಿಗೆ ಇನ್ನೇನೂ ಕಷ್ಟ ಇಲ್ಲ" ಎಂದು ಬೆಲ್ಟಕ್ಕ ತಲೆ ಎತ್ತದೆಯೇ ಉತ್ತರ ಕೊಡುತ್ತಿದ್ದಳು.

ಊರ ಹೊರಗಿನ ಸಣ್ಣ ವಿಮಾನಗಳ ರಿಪೇರಿ ಶೆಡ್ಡು ಅದು. ತಗಡಿನ ಎತ್ತರದ ಮಾಡು, ಎಣ್ಣೆ ಕುಡಿದು ಕಪ್ಪಾದ ಸಿಮೆಂಟು ನೆಲ, ಗೋಡೆಗೆ ಸಾಲಾಗಿ ನೇತು ಹಾಕಿದ ಸ್ಪ್ಯಾನರುಗಳು. ಟಪ್ಪಾಲು ಹೊರುವ, ರೋಗಿಗಳನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ವಿಮಾನಗಳು ಅಲ್ಲಿಗೆ ಬರುತ್ತಿದ್ದವು. ಎಲ್ಲವಕ್ಕೂ ಮೂಗಿನ ಮೇಲೆ ಪ್ರೊಪೆಲ್ಲರು. ಶೆಡ್ಡಿನವರು ಅದನ್ನು ಅಲಗು ಎನ್ನುತ್ತಿದ್ದರು. ಅಲಗಿನ ಒಂದು ತುದಿ ಇನ್ನೊಂದಕ್ಕಿಂತ ಒಂದು ಚಿಟಿಕೆ ಭಾರವಾದರೂ ಸಾಕು, ಇಡೀ ವಿಮಾನ ಜ್ವರ ಬಂದ ಹಾಗೆ ನಡುಗುತ್ತದೆ, ತಿಂಗಳೊಳಗೆ ಸ್ಕ್ರೂಗಳು ಸಡಿಲವಾಗುತ್ತವೆ. ಆ ಭಾರ ಎಲ್ಲಿದೆ ಎಂದು ಕಂಡುಹಿಡಿಯುವುದು ಗಂಟೆರಾಯನ ಕೆಲಸ.

ಅವನು ಅಲಗಿನ ಒಂದು ತುದಿಗೆ ಬೆರಳಗಲದ ಬಿಳಿ ಪಟ್ಟಿ ಅಂಟಿಸುತ್ತಿದ್ದ. ಎಂಜಿನ್ ಚಾಲೂ ಆದ ಮೇಲೆ ಪಿಸ್ತೂಲಿನ ಆಕಾರದ ಒಂದು ಮಿಂಚುದೀಪ ಹಿಡಿದು ಶೆಡ್ಡಿನ ಬಾಗಿಲಲ್ಲಿ ಅಲಗಿನ ಮುಂದೆ, ನೆಲದ ಮೇಲೆ ಎಳೆದ ಬಿಳಿ ಗೆರೆಯ ಹಿಂದೆ ನಿಲ್ಲುತ್ತಿದ್ದ. ಅಲಗು ಒಂದು ಸುತ್ತು ಬಂದಾಗ ದೀಪ ಒಂದು ಸಲ ಮಿನುಗುತ್ತದೆ. ಸೆಕೆಂಡಿಗೆ ನಲವತ್ತು ಸುತ್ತು, ನಲವತ್ತು ಮಿಂಚು. ಆ ಬೆಳಕಿನಲ್ಲಿ ಬಿಳಿ ಪಟ್ಟಿ ಎಲ್ಲಿ ಕಾಣುತ್ತದೋ ಅದನ್ನು ಗಡಿಯಾರದ ಲೆಕ್ಕದಲ್ಲಿ ಕೂಗಿ ಹೇಳಬೇಕು. "ನಾಲ್ಕು ಗಂಟೆ!" "ಏಳೂವರೆ!" ಅದರ ಮೇಲೆ ಎಲ್ಲಿ ಎಷ್ಟು ತೂಕ ಸೇರಿಸಬೇಕೆಂದು ಮೇಸ್ತ್ರಿ ತೀರ್ಮಾನಿಸುತ್ತಿದ್ದ. ಹೀಗೆ ಬೆಳಗ್ಗೆ ಆರಕ್ಕೇ ಹನ್ನೊಂದು ಗಂಟೆ ಎಂದು ಕೂಗುವವನಿಗೆ ಗಂಟೆರಾಯನೆಂದು ಹೆಸರು ಬಿದ್ದದ್ದು ಸಹಜವೇ.

ನೋಡಲು ಬಂದವರಿಗೆಲ್ಲ ಅವನು ಒಂದೇ ಪಾಠ ಒಪ್ಪಿಸುತ್ತಿದ್ದ. "ಕೊಳ್ಳಿ ಹಿಡ್ಕೊಂಡು ಗರಗರ ಬೀಸಿದ್ರೆ ಏನು ಕಾಣುತ್ತೆ? ಬೆಂಕಿಯ ಬಳೆ. ಅಲ್ಲಿ ಬಳೆ ಇದೆಯಾ? ಇಲ್ಲ. ಕಣ್ಣು ಕಂಡದ್ದನ್ನ ತಕ್ಷಣ ಬಿಡಲ್ಲ ಸ್ವಾಮಿ, ಒಂದು ಗಳಿಗೆ ಹಿಡ್ಕೊಂಡೇ ಇರುತ್ತೆ. ಅಷ್ಟರಲ್ಲಿ ಇನ್ನೊಂದು ಬಂದು ಅದರ ಮೇಲೆ ಕೂರುತ್ತೆ. ಅದಕ್ಕೇ ಜೋರಾಗಿ ತಿರುಗೋ ಅಲಗು ಬರೀ ಹಬೆಯ ಹಾಗೆ ಕಾಣೋದು, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ. ತುದಿಗೆ ಹಳದಿ ಬಳಿದಿದ್ರೆ ಹಳದಿ ಬಳೆ. ದೊಡ್ಡ ವಿಮಾನದ ಎಂಜಿನ್ ಮಧ್ಯ ಬಿಳೀ ಸುರುಳಿ ಬರೆದಿರ್ತಾರೆ, ತಿರುಗ್ತಿದೆ ಅಂತ ಆಳುಗಳಿಗೆ ತಿಳೀಲಿ ಅಂತ. ಇನ್ನು ನನ್ನ ದೀಪ. ಅಲಗು ಅದೇ ಜಾಗಕ್ಕೆ ಬಂದಾಗ ಮಾತ್ರ ತೋರಿಸುತ್ತೆ, ಮಿಕ್ಕಿದ್ದನ್ನ ಮುಚ್ಚಿಡುತ್ತೆ. ಕಣ್ಣು ಪಾಪ, ಕಂಡಷ್ಟನ್ನೇ ಹೊಲಿದು ಒಂದು ಮಾಡುತ್ತೆ. ತಿರುಗೋ ಅಲಗು ನಿಂತ ಹಾಗೇ ಕಾಣುತ್ತೆ."

ಬೆಲ್ಟಕ್ಕನಿಗೆ ಈ ಪಾಠ ಬಾಯಿಪಾಠ. ಆದರೆ ಆ ನಿಂತ ಅಲಗನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ. ಗಂಟೆರಾಯನ ಸೊಂಟಕ್ಕೆ ಅಗಲವಾದ ಚರ್ಮದ ಬೆಲ್ಟು, ಅದರ ಹಿಂಭಾಗದಲ್ಲಿ ಕಬ್ಬಿಣದ ಬಳೆ, ಬಳೆಗೆ ಮೊಳದುದ್ದದ ಪಟ್ಟಿ. ಆ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅವನ ಬೆನ್ನ ಹಿಂದೆ ನಿಂತು, ಅವನ ಹಿಮ್ಮಡಿ ಮತ್ತು ಬಿಳಿ ಗೆರೆಯ ನಡುವಿನ ಜಾಗವನ್ನಷ್ಟೇ ನೋಡುತ್ತಿರಬೇಕು. ಹಿಡಿದವರು ಅಲಗನ್ನು ನೋಡಕೂಡದು. ಇದು ಆ ಶೆಡ್ಡಿನ ಕಟ್ಟಳೆ. ಮಾಡಿದವಳು ಆಕೆಯೇ.

ಆ ದೀಪವನ್ನು ಗಂಟೆರಾಯನಿಗಿಂತ ಮೊದಲು ಹಿಡಿಯುತ್ತಿದ್ದವನು ಆಕೆಯ ಗಂಡ. ಹನ್ನೆರಡು ವರ್ಷ ಹಿಡಿದವನು. ಮದುವೆಯಾಗಿ ಆರನೆಯ ವರ್ಷದಲ್ಲಿ, ಒಂದು ಮುಂಜಾವ, ಅವನು ದೀಪ ಹಿಡಿದುಕೊಂಡೇ ಅಲಗಿನೊಳಕ್ಕೆ ನಡೆದುಬಿಟ್ಟ.

ಆಗ ವಿಮಾನದೊಳಗೆ ಕೂತು ಎಂಜಿನ್ ನಡೆಸುತ್ತಿದ್ದವನು ಈಗಿನ ಮೇಸ್ತ್ರಿ. ವಿಚಾರಣೆಯಲ್ಲಿ ಅವನು ಹೇಳಿದ್ದನ್ನು ಯಾರೋ ಆಕೆಗೂ ಓದಿ ಹೇಳಿದರು: "ಜಾರಲಿಲ್ಲ, ಎಡವಲಿಲ್ಲ. ತಾನಾಗಿಯೇ ನಡೆದ. ನಿಧಾನವಾಗಿ, ಯಾರೋ ಕರೆದ ಹಾಗೆ."

ಯಾರೋ ಕರೆದ ಹಾಗೆ. ಆ ಮಾತು ಆಕೆಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಕಾರಣವಿತ್ತು. ಆ ಬೆಳಗ್ಗೆ ಮನೆಯಲ್ಲಿ ಜಗಳವಾಗಿತ್ತು. ಕಾಯಿಲೆ ಬಿದ್ದಿದ್ದ ಆಕೆಯ ತಾಯಿಯನ್ನು ನೋಡಲು ಇಬ್ಬರೂ ಹೋಗುವುದೆಂದು ಮಾತಾಗಿತ್ತು. ಹಿಂದಿನ ದಿನವೇ ಸೀರೆ ಮಡಿಸಿಟ್ಟುಕೊಂಡಿದ್ದಳು. ನಸುಕಿನಲ್ಲಿ ಎದ್ದು ನೋಡಿದರೆ ಗಂಡ ಬೂಟಿನ ದಾರ ಕಟ್ಟುತ್ತಿದ್ದಾನೆ. ತುರ್ತು ಕೆಲಸ, ರೋಗಿಯ ವಿಮಾನ, ಮಧ್ಯಾಹ್ನ ಬಂದುಬಿಡ್ತೀನಿ ಎಂದ. ಆಕೆಗೆ ನೆತ್ತಿಗೇರಿತು.

"ನಿಮಗೆ ಆ ಅಲಗೇ ಹೆಂಡತಿ. ಹೋಗಿ, ಅದರ ಜೊತೆಗೇ ಇದ್ದುಬಿಡಿ. ಮನೆಗೆ ಬರಬೇಡಿ."

ಅವನು ಬಾಗಿಲು ಎಳೆದುಕೊಂಡು ಹೊರಟ. ಊಟದ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

ಈ ಮಾತನ್ನು ಆಕೆ ಯಾರಿಗೂ ಹೇಳಲಿಲ್ಲ. ಅತ್ತೆ ಆಗ ಒಳಗಿನ ಕೋಣೆಯಲ್ಲಿದ್ದರು. ಕೇಳಿಸಿತ್ತೋ ಇಲ್ಲವೋ ತಿಳಿಯದು. ಮಕ್ಕಳಿರಲಿಲ್ಲ. ತವರಿಗೆ ಹೋಗು ಎಂದು ಅತ್ತೆ ಹೇಳಲಿಲ್ಲ, ಹೋಗುತ್ತೇನೆಂದು ಇವಳೂ ಅನ್ನಲಿಲ್ಲ. ಎರಡು ಕೋಣೆಯ ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಬೇರೆ ಮನೆಗಳ ಅತ್ತೆ ಸೊಸೆಯರಂತೆ ಒಗ್ಗರಣೆ ಸೀದದ್ದಕ್ಕೂ ಬಟ್ಟೆ ಒಣಗದ್ದಕ್ಕೂ ಮಾತಿಗೆ ಮಾತು ಬೆಳೆಸಿದರು. ಮತ್ತೆ ಒಂದೇ ತಟ್ಟೆಯಿಂದ ಅವರೆ ಸುಲಿದರು. ಆ ಒಂದು ವಿಷಯವನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಒಂದು ಸಂಗತಿಯನ್ನು ಆಕೆ ಮೊದಲ ವರ್ಷವೇ ಗಮನಿಸಿದ್ದಳು. ಅತ್ತೆ ಪ್ರತಿ ಸಂಜೆ ದೇವರ ಮುಂದೆ ಕೂತು, ಇರುವವರನ್ನು ಕಾಪಾಡು, ಹೋದವರಿಗೆ ನೆಲೆ ಕೊಡು ಎಂದು ಒಬ್ಬೊಬ್ಬರ ಹೆಸರು ಹಿಡಿದು ಬೇಡಿಕೊಳ್ಳುತ್ತಿದ್ದರು. ಮಾವ, ಅತ್ತೆಯ ತಂದೆ ತಾಯಿ, ಎಳವೆಯಲ್ಲೇ ತೀರಿಕೊಂಡ ತಂಗಿ, ಪಕ್ಕದ ಮನೆಯ ಮುದುಕ, ಎಲ್ಲರೂ ಆ ಸಾಲಿನಲ್ಲಿದ್ದರು. ಸೊಸೆಯೂ ಇದ್ದಳು. ಮಗ ಇರಲಿಲ್ಲ. ಯಾಕೆ ಎಂದು ಕೇಳಲು ಆಕೆಗೆ ನಾಲಿಗೆ ಏಳಲಿಲ್ಲ. ಕೇಳಿದರೆ ಆ ಬೆಳಗಿನ ಮಾತು ಹೊರಬೀಳುತ್ತದೆ.

ಗಂಡ ಸತ್ತ ಮೂರನೆಯ ತಿಂಗಳಿಗೆ ಆಕೆಗೆ ಅದೇ ಶೆಡ್ಡಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಒಂದು ವಾರ ಅಲಗು ಇರುವ ಕಡೆಗೆ ಬೆನ್ನು ಹಾಕಿಕೊಂಡೇ ಗುಡಿಸಿದಳು. ಎಂಟನೆಯ ದಿನ ತಿರುಗಿದಾಗ, ಹೊಸಬನಾದ ಗಂಟೆರಾಯ ಒಬ್ಬನೇ ದೀಪ ಹಿಡಿದು ಅಲಗಿನ ಎದುರು ನಿಂತಿದ್ದ. ಆಕೆಗೆ ಮುಂದೇನಾಯಿತೋ ಗೊತ್ತಿಲ್ಲ. ಪೊರಕೆ ಬಿಸಾಡಿ ಓಡಿದವಳೇ ಅವನ ಪ್ಯಾಂಟಿನ ಬೆಲ್ಟನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಎಂಜಿನ್ ನಿಂತಿತು. ಒಳಗಿದ್ದವನು ಇಳಿದು ಬಂದು ಕೂಗಾಡಿದ. "ಏನಮ್ಮಾ ಇದು! ತಲೆ ಕೆಟ್ಟಿದೆಯಾ? ಬಿಡು ಅವನನ್ನ!"

"ಬೈಯಿರಿ. ಬಿಡಲ್ಲ."

"ಅಕ್ಕಾ, ಪ್ಯಾಂಟು ಜಾರ್ತಾ ಇದೆ" ಎಂದ ಗಂಟೆರಾಯ, ಕೆಂಪಗಾಗಿ.

"ಜಾರಲಿ. ಪ್ರಾಣ ಜಾರೋದಕ್ಕಿಂತ ಮೇಲು."

ಯಾರೂ ನಗಲಿಲ್ಲ. ಮಾರನೆಯ ದಿನ ಚರ್ಮದ ಅಗಲವಾದ ಬೆಲ್ಟು ಬಂತು. ಒಂದೆರಡು ಸಲ ಕಂಬಕ್ಕೆ ಕಟ್ಟಿ ನೋಡಿದರು. ಹಗ್ಗ ಉದ್ದವಾದರೆ ಗಾಳಿಗೆ ಅಲಗಿನ ಕಡೆಗೆ ಹಾರುತ್ತದೆ, ಗಿಡ್ಡವಾದರೆ ಮನುಷ್ಯ ಅಲುಗಾಡುವಂತಿಲ್ಲ. ಕೊನೆಗೆ ಆಕೆಯ ಕೈಯೇ ಸರಿ ಎಂದಾಯಿತು. ಪೊರಕೆ ಬೇರೆಯವರ ಪಾಲಾಯಿತು.

ಹೀಗೆ ವರ್ಷಗಳು ಉರುಳಿದವು. ಪಟ್ಟಿ ಹಿಡಿದು ಹಿಡಿದು ಅಂಗೈಯಲ್ಲಿ ಎರಡು ಗೆರೆ ಗಟ್ಟಿಯಾದವು. ಒಂಬತ್ತು ವರ್ಷದ ಹಿಂದೆ ಒಮ್ಮೆ ಗಂಟೆರಾಯನ ಎಡ ಹಿಮ್ಮಡಿ ಮೇಲೆದ್ದು ಬಿಳಿ ಗೆರೆ ದಾಟಿತು. ಆಕೆ ಯೋಚಿಸಲಿಲ್ಲ. ಬಾವಿಯಿಂದ ಕೊಡ ಎಳೆದ ಹಾಗೆ ಹಿಂದಕ್ಕೆ ಎಳೆದಳು. ಅವನು ಧೊಪ್ಪನೆ ಕುಂಡೆಯ ಮೇಲೆ ಕೂತ. ದೀಪ ಮಡಿಲಲ್ಲಿ ಮಿನುಗುತ್ತಲೇ ಇತ್ತು. "ಎಣ್ಣೆ ಇತ್ತು, ಕಾಲು ಜಾರಿತು" ಎಂದ. ಒಂದು ತಿಂಗಳು ಶೆಡ್ಡಿನವರೆಲ್ಲ ಅವನಿಗೆ ಕೂರಲು ದಿಂಬು ತಂದುಕೊಟ್ಟು ಗೇಲಿ ಮಾಡಿದರು. ಆ ನೆಲದಲ್ಲಿ ಆ ದಿನ ಎಣ್ಣೆ ಇರಲಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ನೆಲವನ್ನೇ ನೋಡುತ್ತಿದ್ದವಳಲ್ಲವೇ. ಸುಮ್ಮನಿದ್ದಳು.

ಈಚೆಗೆ ಒಂದು ಗುರುವಾರ ಮೇಸ್ತ್ರಿ ಇಬ್ಬರನ್ನೂ ಕರೆದ. ಮೇಜಿನ ಮೇಲೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ.

"ಸೋಮವಾರದಿಂದ ಇದೇ. ಎಂಜಿನ್‌ಗೆ ಕಟ್ಟಿಬಿಟ್ಟರೆ ಆಯ್ತು, ಭಾರ ಎಲ್ಲಿದೆ ಅಂತ ತಾನೇ ಅಂಕಿ ತೋರಿಸುತ್ತೆ. ಅಲಗಿನ ಎದುರು ಯಾರೂ ನಿಲ್ಲಬೇಕಾಗಿಲ್ಲ. ನಾಳೆ ಬೆಳಗ್ಗೆ ಟಪ್ಪಾಲಿನ ವಿಮಾನ ಇದೆಯಲ್ಲ, ಅದೇ ದೀಪಕ್ಕೆ ಕೊನೇದು. ಆಮೇಲೆ ಉಗ್ರಾಣಕ್ಕೆ."

"ಹಾಗಾದ್ರೆ ಇನ್ನು ಮೇಲೆ ಗಂಟೆ ಎಷ್ಟು ಅಂತ ನಾನೂ ಗೋಡೆ ಗಡಿಯಾರ ನೋಡೇ ಹೇಳಬೇಕು" ಎಂದ ಗಂಟೆರಾಯ. ಅವನ ದನಿಯಲ್ಲಿ ನಗು ಪೂರ್ತಿ ಇರಲಿಲ್ಲ.

"ಒಳ್ಳೇದೇ ಆಯ್ತು" ಎಂದಳು ಬೆಲ್ಟಕ್ಕ. ಮನಸಾರೆ ಹೇಳಿದ್ದು. ಆದರೆ ಮನೆಯ ದಾರಿಯಲ್ಲಿ ಕಾಲು ತಾನಾಗಿ ನಿಧಾನವಾಯಿತು. ಹನ್ನೆರಡು ವರ್ಷ ಅನುಭವವಿದ್ದ ಮನುಷ್ಯ, ಕಿವಿಯಲ್ಲಿ ಎಂಜಿನ್ನಿನ ಅಬ್ಬರ, ಅಲಗಿನತ್ತ ಸೆಳೆಯುವ ಗಾಳಿ, ಅಷ್ಟಿದ್ದೂ ಮುಂದಕ್ಕೆ ಕಾಲಿಡಬೇಕಾದರೆ ಅವನು ಏನು ನೋಡಿದ? ಏನನ್ನೂ ನೋಡದೆ, ಹೆಂಡತಿ ಅಂದ ಮಾತನ್ನೇ ಹಿಡಿದುಕೊಂಡು ಹೋದನೇ? ಇಷ್ಟು ವರ್ಷ ಆ ಪ್ರಶ್ನೆಗೆ ಉತ್ತರ ಮೂರು ಹೆಜ್ಜೆ ಮುಂದೆ, ತಾನು ತಲೆ ಎತ್ತಿದರೆ ಕಾಣುವ ಜಾಗದಲ್ಲಿತ್ತು. ನಾಳೆಯ ನಂತರ ಇರುವುದಿಲ್ಲ.

ಅವತ್ತು ದೇವರ ಮುಂದೆ ಆಕೆ ಬೇರೇನನ್ನೂ ಬೇಡಲಿಲ್ಲ. ನೋಡುವ ಧೈರ್ಯ ಕೊಡು ಎಂದಷ್ಟೇ ಅಂದುಕೊಂಡಳು.

ಶುಕ್ರವಾರ ಬೆಳಕು ಪೂರ್ತಿ ಹರಿಯುವ ಮೊದಲೇ ಕೆಲಸ ಶುರುವಾಯಿತು. ಮಿಂಚುದೀಪಕ್ಕೆ ಮಬ್ಬು ಬೇಕು. ಮೇಸ್ತ್ರಿಯೇ ಒಳಗೆ ಕೂತು ಎಂಜಿನ್ ನಡೆಸಿದ. ಎರಡು ಸಲ ತೂಕ ಸೇರಿಸಿ, ಮೂರನೆಯ ಸಲಕ್ಕೆ ನಡುಕ ನಿಂತಿತು. ಎಂಜಿನ್ ಆರಿದ ಮೇಲೆ ಗಂಟೆರಾಯ ಬೆಲ್ಟು ಬಿಚ್ಚಲು ಕೈ ಹಾಕಿದ.

"ರಾಯರೇ, ಒಂದು ಮಾತು" ಎಂದಳು. "ನಾನೊಂದು ಸಲ ನೋಡಬೇಕು."

"ಏನನ್ನ?"

"ನಿಂತಿರೋ ಅಲಗನ್ನ."

ಅವನ ಮುಖ ಇಳಿಯಿತು. "ಬೇಡ ಅಕ್ಕ."

"ಯಾಕೆ?"

"ಬೇಡ ಅಂದ್ರೆ ಬೇಡ. ಅಷ್ಟಕ್ಕೂ ಹಿಡಿಯೋರು ಯಾರು?"

"ನೀವೇ. ನಾನು ನಿಮ್ಮನ್ನ ಇಷ್ಟು ವರ್ಷ ಹಿಡಿದಿಲ್ವಾ? ಎರಡು ನಿಮಿಷ ನೀವು ನನ್ನನ್ನ ಹಿಡೀರಿ."

ಅವನು ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ವಿಮಾನದ ಕಿಟಕಿಯಿಂದ ತಲೆ ಹೊರಹಾಕಿ ಎಲ್ಲ ಕೇಳಿಸಿಕೊಂಡಿದ್ದ. ಅವನ ತಲೆ ಈಗ ಪೂರ್ತಿ ನರೆತಿತ್ತು.

"ಕಿವಿಗೆ ಮುಚ್ಚಳ ಹಾಕ್ಕೊಳ್ಳಮ್ಮ" ಎಂದ. "ಸೆರಗು ಬಿಗಿಯಾಗಿ ಕಟ್ಕೋ."

ಸೀರೆಯ ಮೇಲೆ ಶೆಡ್ಡಿನ ನಿಲುವಂಗಿ ತೊಟ್ಟು, ಅದರ ಮೇಲೆ ಬೆಲ್ಟು ಕಟ್ಟಿದರು. ಅದು ಗಂಟೆರಾಯನ ಹೊಟ್ಟೆಯ ಅಳತೆಯದು. ಎರಡು ಹೊಸ ತೂತು ಕೊರೆಯಬೇಕಾಯಿತು. ಬಿಳಿ ಗೆರೆಯ ಹಿಂದೆ ಆಕೆ ಕಾಲೂರಿ ನಿಂತಳು. ಬೆನ್ನ ಹಿಂದೆ ಪಟ್ಟಿ ಬಿಗಿಯಾದದ್ದು ತಿಳಿಯಿತು. ಹಿಡಿಸಿಕೊಂಡವರಿಗೆ ಹೀಗನ್ನಿಸುತ್ತದೆ ಎಂದು ಆಕೆಗೆ ಗೊತ್ತಿರಲಿಲ್ಲ.

ಎಂಜಿನ್ ಗುಡುಗಿತು. ಅಲಗು ಮೊದಲು ಕಾಣುವ ಹಾಗೆ ತಿರುಗಿತು. ಆಮೇಲೆ ಒಂದು ಕ್ಷಣ ಹಿಂದಕ್ಕೆ ತಿರುಗಿದಂತೆ ತೋರಿ ಹಬೆಯಾಯಿತು. ಹಬೆಯ ಆಚೆ ವಿಮಾನದ ಗಾಜು, ಗಾಜಿನ ಹಿಂದೆ ಮೇಸ್ತ್ರಿಯ ಮುಖ. ನಡುವೆ ಏನೂ ಇಲ್ಲ ಅನ್ನುವಷ್ಟು ತೆಳ್ಳಗೆ. ಆಕೆ ದೀಪದ ಗುಂಡಿ ಒತ್ತಿದಳು.

ಅಲಗು ನಿಂತಿತು.

ನಿಂತೇಬಿಟ್ಟಿತು. ಗೋಡೆಗೆ ಒರಗಿಸಿಟ್ಟ ಹಲಗೆಯ ಹಾಗೆ. ಅದರ ಮೇಲಿನ ಗೀರುಗಳು ಕಂಡವು, ಬಣ್ಣ ಎದ್ದ ಒಂದು ಚೂರು ಕಂಡಿತು, ಗಂಟೆರಾಯನ ಹೆಬ್ಬೆರಳಿನ ಎಣ್ಣೆಯ ಗುರುತೂ ಬಿಳಿ ಪಟ್ಟಿಯ ಪಕ್ಕದಲ್ಲಿ ಕಂಡಿತು. ಕಿವಿಯ ಮುಚ್ಚಳದೊಳಗೆ ಅಬ್ಬರ ದೂರದ ಯಾರ ಮನೆಯದೋ ಸದ್ದಾಯಿತು. ಆಕೆಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಹೆದರಿದ್ದು ಇದಕ್ಕೇನಾ ಎನ್ನಿಸಿತು, ಇದು ಇಷ್ಟು ಸಾಧುವಾ ಎನ್ನಿಸಿತು.

ಬಿಳಿ ಪಟ್ಟಿ ಐದು ಗಂಟೆಯ ಹತ್ತಿರವಿತ್ತು. ಐದೇ, ಅಥವಾ ಐದೂಕಾಲೋ? ಎಂಜಿನ್ನಿನ ವೇಗ ಕೂದಲೆಳೆಯಷ್ಟು ಬದಲಾಗಿರಬೇಕು, ನಿಂತ ಅಲಗು ಮೆಲ್ಲಗೆ ಸರಿಯತೊಡಗಿತು. ಗಡಿಯಾರದ ಮುಳ್ಳಿನ ಹಾಗೆ, ಅವಸರವೇ ಇಲ್ಲದೆ. ಐದೂವರೆ. ಆರಕ್ಕೆ ಇನ್ನೂ ಸ್ವಲ್ಪ. ಬಿಳಿ ಪಟ್ಟಿಯ ಅಂಚು ಸರಿಯಾಗಿ ಕಾಣುತ್ತಿಲ್ಲ. ಸ್ವಲ್ಪ ಬಗ್ಗಿದರೆ, ಸ್ವಲ್ಪ ಹತ್ತಿರ ಹೋದರೆ—

ಸೊಂಟಕ್ಕೆ ಯಾರೋ ಒದ್ದ ಹಾಗಾಯಿತು. ಆಕಾಶ, ತಗಡಿನ ಮಾಡು, ಮತ್ತೆ ಆಕಾಶ. ಆಕೆ ನೆಲದ ಮೇಲೆ ಕೂತಿದ್ದಳು. ಹಿಂದೆ ಗಂಟೆರಾಯ ತಾನೂ ಬಿದ್ದು, ಪಟ್ಟಿಯನ್ನು ಎರಡೂ ಕೈಗೆ ಸುತ್ತಿಕೊಂಡು ಏದುಸಿರು ಬಿಡುತ್ತಿದ್ದ. ಎಂಜಿನ್ ಆರಿತು. ಅಲಗು ಹಬೆಯಿಂದ ಹೊರಬಂದು, ತೊನೆದು, ಸುಮ್ಮನಾಯಿತು.

"ನಾನು ಕಾಲು ಇಡಲಿಲ್ಲ" ಎಂದಳು ಬೆಲ್ಟಕ್ಕ.

"ಇಟ್ಟಿರಿ ಅಕ್ಕ. ನೋಡಿ."

ಆಕೆ ನೋಡಿದಳು. ಬಿಳಿ ಗೆರೆಯ ಆಚೆ, ನೆಲದ ಧೂಳಿನಲ್ಲಿ, ಒಂದು ಪೂರ್ತಿ ಹೆಜ್ಜೆ. ಅದರ ಮುಂದೆ ಇನ್ನೊಂದರ ಮುಂಗಾಲು. ತನ್ನದೇ ಚಪ್ಪಲಿಯ ಗುರುತು. ಇಟ್ಟದ್ದು ಆಕೆಗೆ ನೆನಪೇ ಇರಲಿಲ್ಲ.

"ಒಂಬತ್ತು ವರ್ಷದ ಹಿಂದೆ..." ಎಂದ ಗಂಟೆರಾಯ. "ಅವತ್ತು ಎಣ್ಣೆ ಇರಲಿಲ್ಲ ಅಕ್ಕ."

"ಗೊತ್ತು."

"ಅದು ಸರಿಯುತ್ತಲ್ಲ, ಅದರ ಹಿಂದೆ ಕಣ್ಣು ಹೋಗುತ್ತೆ. ಕಣ್ಣಿನ ಹಿಂದೆ ಕಾಲು. ನಮಗೆ ಗೊತ್ತೇ ಆಗಲ್ಲ. ಹೇಳಿದ್ರೆ ದೀಪ ಕಸಕೊಳ್ತಾರೆ, ಇವನ ತಲೆ ಸರಿಯಿಲ್ಲ ಅಂತಾರೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ನಿಮಗಾದ್ರೂ ಹೇಳಬೇಕಿತ್ತು. ತಪ್ಪಾಯ್ತು."

ಮೇಸ್ತ್ರಿ ಇಳಿದು ಬಂದು ಆ ಹೆಜ್ಜೆಗಳ ಮುಂದೆ ನಿಂತ.

"ಹೀಗೇ" ಎಂದ. "ಹೀಗೇ ನಡೆದಿದ್ದ. ನೀನೂ ಹಾಗೇ ಬಂದೆ. ನಿನ್ನ ಮುಖ ನೋಡ್ತಿದ್ದೆ ನಾನು. ಲೆಕ್ಕ ಮಾಡೋರ ಮುಖ ಅದು, ಸಾಯೋಕೆ ಹೋಗೋರದಲ್ಲ. ಅವತ್ತು ನಾನು ಕಂಡದ್ದನ್ನ ಹೇಳಿದೆ ಅಮ್ಮ. ಅದು ಏನು ಅಂತ ನನಗೇ ಗೊತ್ತಿರಲಿಲ್ಲ."

ಆಕೆ ಎದ್ದು, ಬೆಲ್ಟು ಬಿಚ್ಚಿ ಗಂಟೆರಾಯನ ಕೈಗೆ ಕೊಟ್ಟಳು. ಅವನು ಅದನ್ನು ಉಗ್ರಾಣಕ್ಕೆ ಕೊಡದೆ, ಸುರುಳಿ ಸುತ್ತಿ ಆಕೆಯ ಚೀಲದೊಳಗೇ ಇಟ್ಟ.

ಸಂಜೆ ಮನೆಗೆ ಬಂದಾಗ ಅತ್ತೆ ಕಿಟಕಿಯ ಬೆಳಕಿಗೆ ಅಕ್ಕಿ ಆರಿಸುತ್ತಿದ್ದರು. ಎಂಬತ್ತು ದಾಟಿದ ಕಣ್ಣು. ಕಲ್ಲಿಗಿಂತ ಅಕ್ಕಿಯೇ ಹೆಚ್ಚು ಹೊರಗೆ ಬೀಳುತ್ತಿತ್ತು.

"ಇವತ್ತೇನು, ಮುಖ ಹೀಗಿದೆ? ಬಿದ್ದೆಯಾ?"

"ಬಿದ್ದೆ ಅತ್ತೆ."

ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹಬೆಯಿಂದ ಶುರು ಮಾಡಿ ಹೆಜ್ಜೆಯವರೆಗೆ. ಅತ್ತೆಯ ಬೆರಳು ಅಕ್ಕಿಯೊಳಗೇ ನಿಂತಿತು. "ಎದ್ದು ತೋರಿಸು" ಎಂದರು. ಆಕೆ ಎದ್ದು ಆ ಒಂದೂವರೆ ಹೆಜ್ಜೆಯನ್ನು ಅಡುಗೆಮನೆಯ ನೆಲದ ಮೇಲೆ ಇಟ್ಟು ತೋರಿಸಿದಳು.

"ಅಷ್ಟೇನಾ?"

"ಅಷ್ಟೇ. ಅವರು ಹೋಗಿದ್ದಲ್ಲ ಅತ್ತೆ. ಕಾಲು ಹೋಯಿತು. ಅವರಿಗೆ ಗೊತ್ತೇ ಆಗಿರಲಿಲ್ಲ." ಆಮೇಲೆ, "ಅವತ್ತು ಬೆಳಗ್ಗೆ ನಾನು ಒಂದು ಮಾತು ಅಂದಿದ್ದೆ..." ಎಂದಳು.

"ಕೇಳಿಸಿತ್ತು ಕಣೆ."

ಆಕೆ ಅಲ್ಲೇ ನಿಂತಳು.

"ಕೇಳಿಸದೆ ಇರೋಕೆ ಈ ಮನೆ ಏನು ಅರಮನೆಯಾ? ಗಂಡ ಹೆಂಡತಿ ಅಂದ ಮೇಲೆ ಅಂಥಾ ಮಾತು ಬರುತ್ತೆ, ಹೋಗುತ್ತೆ. ನಿನ್ನ ಮಾವನಿಗೆ ನಾನು ಇದಕ್ಕಿಂತ ಕೆಟ್ಟದ್ದು ಅಂದಿಲ್ವಾ? ನನಗೆ ಸಿಟ್ಟು ಇದ್ದದ್ದು ಅವನ ಮೇಲೆ. ಒಂದು ಮಾತಿಗೆ ದೇವರು ಕೊಟ್ಟ ಪ್ರಾಣ ಎಸೆದು ಹೋದನಲ್ಲ, ನನ್ನನ್ನೂ ನೆನೆಯಲಿಲ್ಲ, ನಿನ್ನನ್ನೂ ನೆನೆಯಲಿಲ್ಲ ಅಂತ. ಇಷ್ಟು ವರ್ಷ..." ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿದರು. "ನನಗೆ ಕೈ ಕೊಡು, ಏಳಬೇಕು."

ಸೊಸೆ ಕೈ ಕೊಟ್ಟಳು. ಗಟ್ಟಿಯಾದ ಆ ಎರಡು ಗೆರೆಗಳ ಮೇಲೆ ಮುದುಕಿಯ ಬೆರಳು ಬಿಗಿಯಿತು. ಇಬ್ಬರೂ ಒಳಗಿನ ಕೋಣೆಗೆ ಹೋಗಿ ದೇವರ ಮುಂದೆ ಕೂತರು. ಎಂದಿನ ಹೊತ್ತಿಗೆ ಇನ್ನೂ ಅರ್ಧ ಗಂಟೆ ಇತ್ತು.

ಅತ್ತೆ ಎಂದಿನಂತೆ ಮಾವನಿಂದ ಶುರು ಮಾಡಲಿಲ್ಲ. ಕಣ್ಣು ಮುಚ್ಚಿ, ತುಟಿ ಎರಡು ಸಲ ಅಲುಗಿಸಿ, ಮೂರನೆಯ ಸಲಕ್ಕೆ ಮಗನ ಹೆಸರು ಹಿಡಿದು ಕರೆದರು. ಬೀದಿಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕೂಗುವ ಹಾಗೆ, ಸ್ವಲ್ಪ ಜೋರಾಗಿಯೇ. ಆಮೇಲೆ ಮಾವ, ತಂದೆ, ತಾಯಿ, ತಂಗಿ, ಪಕ್ಕದ ಮನೆಯ ಮುದುಕ. ಬೆಲ್ಟಕ್ಕ ಅತ್ತೆಯ ಕೈ ಬಿಡದೆ ಕೂತು ಒಂದೊಂದನ್ನೂ ಕೇಳಿಸಿಕೊಂಡಳು.